ಕಾಲುವೆಯ ಕೊನೆಯವನ ಮಾತು

ನಾಸಿಕ್‌ನಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಓಝರ್ ಸಿಗುತ್ತದೆ. ಈ ಊರಿನ ಹೆಸರು ಕೇಳಿದ ಕನ್ನಡಿಗರಿದ್ದರೆ ಅವರು ಬಹುಪಾಲು ಎಚ್‌ಎಎಲ್ ಕುಟುಂಬದವರು. ಮಿಗ್ ಯುದ್ಧವಿಮಾನ ತಯಾರಾದ ಕಾರ್ಖಾನೆ ಇರುವುದು ಇಲ್ಲೇ. ನೀರಾವರಿಯವರ ಬಾಯಲ್ಲಿ ಓಝರ್ ಎಂದರೆ ಬೇರೆಯೇ ಸಂಗತಿ. ಅಧಿಕಾರವಿಲ್ಲದ, ದುಡ್ಡಿಲ್ಲದ ಇಬ್ಬರು, ಜನರ ಮಾತು ಕೇಳುತ್ತಾ ಕೇಳುತ್ತಾ, ಒಂದು ಅಣೆಕಟ್ಟಿನ ನೀರನ್ನೇ ರೈತರ ಕೈಗೆ ಕೊಡಿಸಿದ ಊರು ಇದು.

ಎದುರಿನವರ ಮಾತಿಗೆ ಕಿವಿಗೊಟ್ಟರೆ ಅವರ ವಿಶ್ವಾಸ ಗಳಿಸಬಹುದು, ವಿಶ್ವಾಸ ಗಳಿಸಿದರೆ ಅವರ ಮೇಲೆ ಪ್ರಭಾವ ಬೀರಬಹುದು ಎಂದು ಹೇಳುವ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ಸಿಗುತ್ತವೆ. ತಲೆ ಆಡಿಸುವುದು ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹೇಗೆ, ನಡುವೆ ಬಾಯಿ ಹಾಕದೆ ಇರುವುದು ಹೇಗೆ ಎಂದು ಅವು ಪಾಠ ಹೇಳುತ್ತವೆ. ನೀರಿನ ಜಗಳದಲ್ಲಿ ಈ ಪಾಠಗಳು ಅರ್ಧ ದಿನವೂ ಬಾಳುವುದಿಲ್ಲ. ರಾತ್ರಿ ಎರಡು ಗಂಟೆಗೆ ತೂಬು ಯಾರು ಎತ್ತಿದರು ಎಂಬ ಪ್ರಶ್ನೆಗೆ ಸೌಮ್ಯ ಮುಖಭಾವ ಉತ್ತರವಲ್ಲ. ಅದಕ್ಕೇ ಕೇಳುವ ಗುಣದ ನಿಜವಾದ ಬೆಲೆ ಅರಿಯಬೇಕಾದರೆ ಕಾಲುವೆಯ ಬದಿಗೇ ಹೋಗಬೇಕು ಎನ್ನುತ್ತೇನೆ.

ದಿಂಡೋರಿ ತಾಲ್ಲೂಕಿನ ಕೋಳವನ್ ಎಂಬ ಸಣ್ಣ ಹೊಳೆಗೆ ಅಡ್ಡಲಾಗಿ ಕಟ್ಟಿದ್ದು ವಾಘಾಡ್ ಅಣೆಕಟ್ಟು. ಅದರಲ್ಲಿ ಹಿಡಿಯುವ ನೀರು ಸುಮಾರು 2.3 ಟಿಎಂಸಿ. ಕೃಷ್ಣರಾಜಸಾಗರದ ಲೆಕ್ಕ ಕೇಳಿ ಬೆಳೆದ ನಮಗೆ ಇದು ಕೆರೆಯಂತೆ ಕಾಣಬಹುದು. ಇದರ ಬಲದಂಡೆ ಕಾಲುವೆ ಸುಮಾರು 45 ಕಿಲೋಮೀಟರ್ ಉದ್ದ, ಓಝರ್ ಇರುವುದು ಅದರ ಕೊನೆಗೆ. ಕಾಲುವೆಯ ಕೊನೆ ಎಂದರೇನೆಂದು ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆಯ ನೀರು ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ದಾಟಿ ಮಾನ್ವಿಯ ಕಡೆ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಅಲ್ಲಿಯ ರೈತರು ಹೆದ್ದಾರಿ ತಡೆದು ಹೇಳುತ್ತಲೇ ಇದ್ದಾರೆ. ಓಝರ್‌ನದೂ ಅದೇ ಪಾಡು. ನಕ್ಷೆಯಲ್ಲಿ ನೀರಾವರಿ ಜಮೀನು, ಹೊಲದಲ್ಲಿ ಒಣ ಚಾರಿ. ಅಲ್ಲಿ ವಿತರಣಾ ನಾಲೆಗೆ ಚಾರಿ ಎನ್ನುತ್ತಾರೆ.

ಹೀಗೇಕೆ ಎಂದು ಕೇಳಿದರೆ ಸುಲಭದ ಉತ್ತರ ಸಿದ್ಧವಿತ್ತು: ಮೇಲಿನ ಊರವರು ಕಳ್ಳರು, ಇಲಾಖೆಯವರು ಲಂಚಕೋರರು. ಇಲಾಖೆಯವರ ಬಳಿಯೂ ಅಷ್ಟೇ ಸುಲಭದ ಉತ್ತರವಿತ್ತು: ರೈತರು ಸುಳ್ಳು ಹೇಳುತ್ತಾರೆ, ನೀರಿನ ಕರ ಕಟ್ಟುವುದಿಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು. ಆದರೆ ಸುಳ್ಳನ್ನು ಹುಟ್ಟಿಸುತ್ತಿದ್ದದ್ದು ನೀರು ಕೊಡುವ ವ್ಯವಸ್ಥೆಯೇ.

ಮಹಾರಾಷ್ಟ್ರದಲ್ಲಿ ಕಾಲುವೆ ನೀರು ಬೇಕಾದ ರೈತ ಪ್ರತಿ ಹಂಗಾಮಿಗೂ ‘ನಮೂನೆ ನಂ. 7’ರಲ್ಲಿ ಅರ್ಜಿ ಹಾಕಬೇಕಿತ್ತು. ಯಾವ ಸರ್ವೆ ನಂಬರು, ಎಷ್ಟು ಜಾಗ, ಯಾವ ಬೆಳೆ ಎಂದು ಬರೆಯಬೇಕು. ಮಂಜೂರಾದ ಬೆಳೆಗೆ, ಮಂಜೂರಾದ ಜಾಗಕ್ಕೆ ಮಾತ್ರ ನೀರು. ಕರವೂ ಬೆಳೆಗೆ ಒಂದೊಂದು ದರ. ಮಂಜೂರಿ ಮೀರಿದರೆ ಅನಧಿಕೃತ ನೀರಾವರಿ ಎಂದು ಪಂಚನಾಮೆ, ದಂಡ. ಈಗ ರೈತನ ಜಾಗದಲ್ಲಿ ನಿಂತು ನೋಡಿ. ಕಬ್ಬು ಹಾಕಿ ಗೋಧಿ ಎಂದು ಬರೆಸಿದರೆ ಕರ ಕಡಿಮೆ. ಮೂರೆಕರೆಗೆ ಹಾಯಿಸಿ ಒಂದೆಕರೆ ಎಂದರೆ ಇನ್ನೂ ಕಡಿಮೆ. ಸರದಿ ಮುಂದಿನ ಸಲ ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, ಬಂದಾಗಲೇ ಹೊಲ ಕೆರೆಯಾಗುವಷ್ಟು ಹಾಯಿಸುವುದೇ ಜಾಣತನ. ಇನ್ನು ಕಾಲುವೆ ನಿರೀಕ್ಷಕನ ಜಾಗದಲ್ಲಿ ನಿಂತು ನೋಡಿ. ನೂರಾರು ಹೊಲ, ಒಬ್ಬ ಮನುಷ್ಯ. ಬರೆದದ್ದನ್ನು ನಂಬಿದರೆ ಮೂರ್ಖ, ನಂಬದಿದ್ದರೆ ಪೀಡಕ. ಯಾರೂ ಕೆಟ್ಟವರಾಗದೆಯೂ ಎಲ್ಲರೂ ಸುಳ್ಳು ಹೇಳಬೇಕಾದ ಏರ್ಪಾಡು ಅದು.

ಬಾಪು ಉಪಾಧ್ಯೆ ಮತ್ತು ಭರತ್ ಕಾವಳೆ ಓಝರ್‌ನಲ್ಲಿ ‘ಸಮಾಜ ಪರಿವರ್ತನ ಕೇಂದ್ರ’ ಎಂಬ ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಉಪಾಧ್ಯೆ ಸಮಾಜವಾದಿ ಕಾರ್ಯಕರ್ತರು. ಕಾವಳೆ ಆಗಿನ್ನೂ ತರುಣರು. ನೀರಿನ ಪ್ರಶ್ನೆ ಹಿಡಿದಾಗ ಅವರ ಮುಂದೆ ಹೋರಾಟದ ಹಳೆಯ ದಾರಿ ಇದ್ದೇ ಇತ್ತು. ಧರಣಿ ಕೂರುವುದು, ಮನವಿ ಕೊಡುವುದು, ಮಂತ್ರಿಯನ್ನು ಕರೆಸುವುದು. ಅದರ ಬದಲು ಅವರು ಕೊನೆಯಂಚಿನ ರೈತರ ಜತೆ ಕೂತರು, ಸಭೆಯ ಮೇಲೆ ಸಭೆ ನಡೆಸಿದರು. ಪುಣೆಯ ‘ಸೊಪೆಕಾಂ’ ಸಂಸ್ಥೆಯ ಎಂಜಿನಿಯರುಗಳು, ನೀರಾವರಿ ಬಲ್ಲವರು ಜತೆಗೂಡಿದರು. 1990–91ರ ಹೊತ್ತಿಗೆ ಓಝರ್‌ನಲ್ಲಿ ಮೂರು ನೀರು ಬಳಕೆದಾರರ ಸಹಕಾರ ಸಂಘಗಳು ನಿಂತವು: ಮಹಾತ್ಮಾ ಫುಲೆ, ಜಯ ಯೋಗೇಶ್ವರ, ಬಾಣಗಂಗಾ. ಇಲಾಖೆಯೊಂದಿಗೆ ಕರಾರಾಯಿತು. ಕರಾರಿನ ತಿರುಳು ಇಷ್ಟೇ: ಇಲಾಖೆ ಸಂಘಕ್ಕೆ ನೀರನ್ನು ಅಳೆದು ಕೊಡಬೇಕು, ಸಂಘ ಅಷ್ಟು ನೀರಿಗೆ ದುಡ್ಡು ಕಟ್ಟಬೇಕು, ಒಳಗೆ ಯಾರಿಗೆಷ್ಟು ಎಂಬುದು ಸಂಘದ ಜವಾಬ್ದಾರಿ, ಯಾವ ಬೆಳೆ ಎಂಬುದು ರೈತನ ಮರ್ಜಿ.

ಕೊನೆಯ ಮಾತು ಚಿಕ್ಕದಾಗಿ ಕಂಡರೂ ಇಡೀ ಕಥೆಯ ಕೀಲು ಅಲ್ಲಿದೆ. ಬೆಳೆಯ ಹೆಸರು ಕೇಳುವುದನ್ನು ನಿಲ್ಲಿಸಿದ ಕ್ಷಣ ಬೆಳೆಯ ಬಗ್ಗೆ ಸುಳ್ಳು ಹೇಳಬೇಕಾದ ಕಾರಣವೇ ಹೋಯಿತು. ಇಷ್ಟು ನೀರು ನಿನ್ನದು, ದ್ರಾಕ್ಷಿಗಾದರೂ ಹಾಕು, ಟೊಮೆಟೊಗಾದರೂ ಹಾಕು. ಉಳಿಸಿದರೆ ಲಾಭ ನಿನಗೇ. ರೈತರು ಯಾಕೆ ಸುಳ್ಳು ಹೇಳುತ್ತಾರೆ ಎಂಬುದಕ್ಕೆ ಕಿವಿಗೊಡದೆ, ಸುಳ್ಳು ಹೇಳುವುದು ತಪ್ಪು ಎಂದು ಉಪದೇಶ ಮಾಡಿದ್ದರೆ ಇಂದಿಗೂ ಉಪದೇಶವೇ ನಡೆಯುತ್ತಿತ್ತು.

ಕಾಲುವೆಯ ತಂಟೆಗೇ ಹೋಗದ ರೈತರೂ ಓಝರ್‌ನಲ್ಲಿದ್ದರು. ಅವರದು ಬಾವಿ ನೀರಾವರಿ. ಕಾಲುವೆಯಲ್ಲಿ ನೀರು ಹರಿದಾಗ ಈ ಬಾವಿಗಳಿಗೆ ಸೆಲೆ ಬರುತ್ತಿತ್ತು, ದುಡ್ಡು ಕೊಡುವ ಪ್ರಶ್ನೆ ಇರಲಿಲ್ಲ. ಸಂಘದವರು ಅವರನ್ನು ಪುಕ್ಕಟೆ ಗಿರಾಕಿಗಳೆಂದು ದೂರ ಇಡಬಹುದಿತ್ತು. ಹಾಗೆ ಮಾಡದೆ ಬಾಣಗಂಗಾ ಹೊಳೆ ಮತ್ತು ಹಳ್ಳಗಳಿಗೆ ಒಡ್ಡು ಕಟ್ಟಿ, ತಮ್ಮ ಪಾಲಿನ ಕಾಲುವೆ ನೀರನ್ನೇ ಅವುಗಳಿಗೆ ತುಂಬಿಸಿ, ಸುತ್ತಲಿನ ಬಾವಿಗಳ ನೀರು ಮೇಲೇರುವಂತೆ ಮಾಡಿದರು. ಬಾವಿಯವರು ಅದಕ್ಕೆ ಸಂಘಕ್ಕೆ ದುಡ್ಡು ಕಟ್ಟಲು ಒಪ್ಪಿದರು. ಸ್ವಂತ ಹೊಲದ ಸ್ವಂತ ಬಾವಿಯ ನೀರಿಗೆ ಕರ ಕಟ್ಟುವುದು ಎಂದರೆ ನಮ್ಮಲ್ಲಿ ಯಾವ ಊರಿನ ಸಭೆಯಲ್ಲಾದರೂ ಹೇಳಿ ನೋಡಿ, ಕುರ್ಚಿಗಳು ಹಾರುತ್ತವೆ. ಓಝರ್‌ನವರು ಒಪ್ಪಿದ್ದು ಬಾವಿಯ ನೀರು ಯಾವಾಗ ಏರುತ್ತದೆ ಎಂಬುದನ್ನು ಅವರೇ ಕಣ್ಣಾರೆ ಕಂಡಿದ್ದರಿಂದ.

ಕಣ್ಣಾರೆ ಕಾಣುವುದು ಎಂದೆ. ಅಳತೆಯ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಾಲೆಯ ತಳದಲ್ಲಿ ಸಿಮೆಂಟಿನ ಒಂದು ದಿಬ್ಬ, ಇಲ್ಲವೇ ಇಕ್ಕೆಲದ ಗೋಡೆಗಳನ್ನು ಕಿರಿದು ಮಾಡಿದ ಒಂದು ಕಂಠ. ಪಕ್ಕದ ಗೋಡೆಗೆ ಸೆಂಟಿಮೀಟರ್ ಗುರುತಿನ ಬಿಳಿ ಪಟ್ಟಿ. ದಿಬ್ಬ ಹತ್ತುವ ಮುನ್ನ ನೀರು ಎಷ್ಟು ಎತ್ತರ ನಿಂತಿದೆ ಎಂದು ಪಟ್ಟಿಯ ಮೇಲೆ ಓದಿದರೆ, ಸೆಕೆಂಡಿಗೆ ಎಷ್ಟು ನೀರು ಹೋಗುತ್ತಿದೆ ಎಂದು ಕೋಷ್ಟಕ ಹೇಳುತ್ತದೆ. ಇಷ್ಟು ಗಂಟೆ ಹರಿಯಿತು ಎಂದು ಗುಣಿಸಿದರೆ ಒಟ್ಟು ನೀರು. ಏಳನೆಯ ತರಗತಿ ಓದಿದವರಿಗೂ ಬರುವ ಲೆಕ್ಕ. ಓದುವುದು ಇಬ್ಬರು, ಇಲಾಖೆಯ ಒಬ್ಬ, ಸಂಘದ ಒಬ್ಬ. ಇಬ್ಬರ ಓದು ಒಂದೇ ಇರಬೇಕು. ಎಂಜಿನಿಯರಿಗೆ ರೈತನ ಮೇಲೆ, ರೈತನಿಗೆ ಎಂಜಿನಿಯರಿನ ಮೇಲೆ ಪ್ರೀತಿ ಹುಟ್ಟಬೇಕೆಂದು ಇಲ್ಲಿ ಯಾರೂ ಕಾಯಲಿಲ್ಲ. ಪಟ್ಟಿಯ ಮುಂದೆ ಇಬ್ಬರೂ ಬಗ್ಗಿ ನೋಡುವುದು ರೂಢಿಯಾಯಿತು, ವಿಶ್ವಾಸ ಅದರ ಬೆನ್ನಿಗೆ ಬಂತು. ಮೊದಲು ವಿಶ್ವಾಸ, ಆಮೇಲೆ ಅಳತೆ ಎಂದು ಹೊರಟವರು ನಮ್ಮಲ್ಲಿ ಬಹಳ ಜನ ಸೋತಿದ್ದಾರೆ.

ರೈತರೇ ಕೂಡಿ ನೀರು ಹಂಚಿಕೊಳ್ಳುವುದು ನಾಸಿಕ್ ಜಿಲ್ಲೆಗೆ ಪೂರ್ತಿ ಹೊಸತೂ ಅಲ್ಲ. ಬಾಗಲಾಣದ ಕಡೆ ಮೋಸಂ, ಆರಮ್ ಹೊಳೆಗಳ ಮೇಲೆ ಶತಮಾನಗಳಿಂದ ಫಡ್ ಪದ್ಧತಿ ಇತ್ತು. ಒಡ್ಡಿನ ಕೆಳಗಿನ ಜಮೀನನ್ನು ಕೆಲವು ಫಡ್‌ಗಳಾಗಿ ವಿಂಗಡಿಸಿ, ಈ ವರ್ಷ ಯಾವ ಫಡ್‌ನಲ್ಲಿ ಯಾವ ಬೆಳೆ ಎಂದು ರೈತರೆಲ್ಲ ಕೂಡಿ ತೀರ್ಮಾನಿಸುತ್ತಿದ್ದರು. ನೀರು ಹಂಚಲು ಪಾಟಕರಿ, ಕಾವಲಿಗೆ ಜಾಗಲ್ಯಾ. ನಮ್ಮ ಕೆರೆಗಳ ನೀರಗಂಟಿಯನ್ನು ನೆನೆಸಿಕೊಳ್ಳಿ. ಎಷ್ಟೋ ಊರುಗಳಲ್ಲಿ ನೀರಗಂಟಿ ಕೆರೆಯಡಿ ಸ್ವಂತ ಜಮೀನಿಲ್ಲದ ದಲಿತನಾಗಿರುತ್ತಿದ್ದ. ನೀರಿನಲ್ಲಿ ಪಾಲಿಲ್ಲದವನ ಕೈಯಲ್ಲಿ ಪಾಲು ಹಂಚಿಸುವ ಜಾಣತನ ಅದು. ಅದರೊಳಗಿನ ಅನ್ಯಾಯ ಬೇರೆ ಮಾತು, ಮರೆಯುವ ಮಾತಂತೂ ಅಲ್ಲ.

ಓಝರ್‌ನ ಕೊನೆಯಂಚಿಗೆ ನೀರು ತಪ್ಪದೆ ಬರತೊಡಗಿದಾಗ ಮೇಲಿನ ಊರುಗಳು ಖುಷಿಪಡಲಿಲ್ಲ. ಯಾಕೆ ಪಡಬೇಕು? ಅವರಿಗೆ ಇಷ್ಟು ದಿನ ಸುಮ್ಮನೆ ಸಿಗುತ್ತಿದ್ದದ್ದಕ್ಕೆ ಈಗ ಕತ್ತರಿ. ಆದರೆ ಅಳೆದು ಕೊಟ್ಟ ನೀರಿನ ಭರವಸೆಯಲ್ಲಿ ಓಝರ್‌ನವರು ದ್ರಾಕ್ಷಿ ಚಪ್ಪರ ಹಾಕುವುದನ್ನು ಅವರೂ ನೋಡುತ್ತಿದ್ದರು. ದ್ರಾಕ್ಷಿಗೆ ಬೇಕಾದದ್ದು ಹೇರಳ ನೀರಲ್ಲ, ಹೇಳಿದ ದಿನ ಬರುವ ನೀರು. ಒಂದೊಂದೇ ಊರು ಸಂಘ ಕಟ್ಟತೊಡಗಿತು. 2003ರ ಹೊತ್ತಿಗೆ ವಾಘಾಡ್ ಅಚ್ಚುಕಟ್ಟಿನಲ್ಲಿ 24 ಸಂಘಗಳು, ಅವುಗಳ ಮೇಲೆ ಇಡೀ ಯೋಜನೆಗೊಂದು ಒಕ್ಕೂಟ. ಸರದಿ ಕೊನೆಯಿಂದ ಶುರುವಾಗಿ ತಲೆಯ ಕಡೆಗೆ ಬರುವುದು ಇಲ್ಲಿಯ ಕ್ರಮ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ರೈತರಿಂದ ನೀರಾವರಿ ನಿರ್ವಹಣೆಯ ಕಾಯ್ದೆ ತಂದಾಗ, ಅದರ ಹಿಂದೆ ಓಝರ್, ವಾಘಾಡ್‌ಗಳ ಅನುಭವವಿತ್ತು. ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಕಾಂಚನವಾಡಿಯಲ್ಲಿ 1980ರಿಂದ ಇರುವ ‘ವಾಲ್ಮಿ’, ಅಂದರೆ ನೆಲಜಲ ನಿರ್ವಹಣಾ ಸಂಸ್ಥೆ, ಎಂಜಿನಿಯರುಗಳಿಗೂ ರೈತರಿಗೂ ಇದನ್ನೇ ಪಾಠ ಮಾಡುತ್ತದೆ. ಧಾರವಾಡದಲ್ಲಿ ನಮಗೂ ಒಂದು ವಾಲ್ಮಿ ಇದೆ.

ಕಾಯ್ದೆ ಬಂದ ಮೇಲೆ ಎಲ್ಲ ಕಡೆ ವಾಘಾಡ್‌ಗಳು ಎದ್ದವೇ ಎಂದರೆ, ಇಲ್ಲ. ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಸತ್ತ ಸಂಘಗಳು ಅಲ್ಲೂ ಬೇಕಾದಷ್ಟಿವೆ, ಇಲ್ಲೂ ಇವೆ. ಸಂಘ ಮಾಡಿ ಎಂದು ಸುತ್ತೋಲೆ ಹೊರಡಿಸುವುದು ಒಂದು ದಿನದ ಕೆಲಸ. ಓಝರ್‌ನಲ್ಲಿ ಸಂಘಕ್ಕೆ ಮೊದಲು ನಡೆದ ಸಭೆಗಳು ವರ್ಷಗಟ್ಟಲೆಯ ಕೆಲಸ, ಅದಕ್ಕೆ ಬಜೆಟ್ಟಿನಲ್ಲಿ ಶೀರ್ಷಿಕೆ ಇರುವುದಿಲ್ಲ.

ಈಗ ಸಣ್ಣ ಕಾಲುವೆ ಬಿಟ್ಟು ದೊಡ್ಡ ಹೊಳೆಗೆ ಬರೋಣ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿ ಎಂದು ಹೆಸರಿಸಿದ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಅದು ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳನ್ನು ದಾಟಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ ಬಂದಾಗ ಎದುರಾಗುವುದು ಜಾಯಕವಾಡಿ ಅಣೆಕಟ್ಟು. ಒಟ್ಟು ಸಾಮರ್ಥ್ಯ ಸುಮಾರು 102 ಟಿಎಂಸಿ, ಬಳಕೆಗೆ ಸಿಗುವುದು 76. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀಡ್ ಜಿಲ್ಲೆಯ ಜಾಯಕವಾಡಿ ಎಂಬ ಹಳ್ಳಿಯ ಬಳಿ ಕಟ್ಟಬೇಕೆಂದಿದ್ದರು, ಜಾಗ ಪೈಠಣಕ್ಕೆ ಬದಲಾದರೂ ಹೆಸರು ಅಂಟಿಕೊಂಡಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಇಷ್ಟು ದೊಡ್ಡ ಪಾತ್ರೆ ತುಂಬಬೇಕಾದ ಮಳೆ ಬೀಳುವುದು ಸಹ್ಯಾದ್ರಿಯ ಕಡೆ, ನಾಸಿಕ್‌ನ ತಲೆಯ ಮೇಲೆ. ಅಲ್ಲಿ ಗಂಗಾಪುರ, ದಾರಣಾ, ಮುಕಣೆ, ಕರಂಜವಣ, ಪಾಲಖೇಡ್ ಎಂದು ಒಂದರ ಹಿಂದೆ ಒಂದು ಅಣೆಕಟ್ಟು. ನಮ್ಮ ವಾಘಾಡ್ ಕೂಡ ಅದೇ ಸಾಲಿನದು.

2005ರಲ್ಲೇ ಬಂದ ಇನ್ನೊಂದು ಕಾಯ್ದೆ, ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ್ದು, ಬರಗಾಲದಲ್ಲಿ ಮೇಲಿನವರೂ ಕೆಳಗಿನವರೂ ಸಮನಾಗಿ ನೀರು ಹಂಚಿಕೊಳ್ಳಬೇಕು ಎನ್ನುತ್ತದೆ. ಹೇಗೆ ಎಂದು ಹೇಳಲು ಮೇಂಢೇಗಿರಿ ಎಂಬವರ ಸಮಿತಿ 2013ರಲ್ಲಿ ಸೂತ್ರ ಕೊಟ್ಟಿತು. ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇ 65ಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಣೆಕಟ್ಟುಗಳು ಲೆಕ್ಕ ಹಾಕಿ ನೀರು ಬಿಡಬೇಕು ಎಂಬುದು ಆ ಸೂತ್ರ. ಪ್ರಾಧಿಕಾರ 2014ರಲ್ಲಿ ಆದೇಶ ಮಾಡಿತು, 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನಿನ ಮಟ್ಟಿಗೆ ವಿಷಯ ಮುಗಿಯಿತು. ಮನಸ್ಸಿನ ಮಟ್ಟಿಗೆ ಮಳೆ ಕೈಕೊಟ್ಟ ಪ್ರತಿ ವರ್ಷವೂ ಅದು ಹೊಸದಾಗಿ ಶುರು. 2023ರಲ್ಲಿ ಸುಮಾರು 8.6 ಟಿಎಂಸಿ ಬಿಡಬೇಕೆಂದು ಅಕ್ಟೋಬರ್ ಕೊನೆಗೆ ಆದೇಶವಾಯಿತು. ನೀರು ಹರಿಯುವಷ್ಟರಲ್ಲಿ ನವೆಂಬರ್ ಮುಗಿಯುತ್ತ ಬಂದಿತ್ತು. ನಡುವೆ ಮೇಲಿನವರು ಸುಪ್ರೀಂ ಕೋರ್ಟಿಗೂ ಹೋದರು, ಕೆಳಗಿನವರು ರಸ್ತೆಗೂ ಇಳಿದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿ ಒಂದು ಪರೀಕ್ಷೆ ಸೂಚಿಸಿದ್ದ. ವಾದ ಬಿಸಿಯಾದಾಗ, ಎದುರಾಳಿಯ ಮಾತನ್ನು ಅವನಿಗೆ ಸರಿ ಎನಿಸುವ ಹಾಗೆ ಹೇಳಿ ತೋರಿಸಿದ ಮೇಲೆಯೇ ನಿನ್ನ ಮಾತು ಆಡು. ಸುಲಭ ಅನಿಸುತ್ತದೆ. ಈ ಹೊಳೆಯ ಮೇಲೆ ಪ್ರಯತ್ನಿಸಿ ನೋಡೋಣ.

ಸಂಭಾಜಿನಗರದವರು ಹೇಳಿ ತೋರಿಸಬೇಕಾದ ನಾಸಿಕ್‌ನ ಮಾತು ಹೀಗಿದ್ದೀತು. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಸುಮಾರಿನದು ಕಡ್ಡಿಗಾಗಿ, ಅಕ್ಟೋಬರ್ ಸುಮಾರಿನದು ಹಣ್ಣಿಗಾಗಿ. ಅಕ್ಟೋಬರಿನಲ್ಲಿ ಕತ್ತರಿ ಆಡಿಸಿದ ದಿನದಿಂದ ಬಳ್ಳಿ ಚಿಗುರಿ, ಹೂವಾಗಿ, ಕಾಯಿ ಕಟ್ಟಿ, ಫೆಬ್ರುವರಿ ಮಾರ್ಚಿಗೆ ಕೊಯ್ಲಿಗೆ ಬರುವವರೆಗೆ ನೀರಿನ ಸರದಿ ತಪ್ಪುವ ಹಾಗಿಲ್ಲ. ಔಷಧಿ, ಆಳು, ಸಾಲ ಎಲ್ಲ ಆ ದಿನದಿಂದಲೇ ಏರತೊಡಗುತ್ತವೆ. ಸರ್ಕಾರ ನೀರಿನ ಲೆಕ್ಕ ತೆಗೆಯುವುದೂ ಅಕ್ಟೋಬರ್ 15ಕ್ಕೇ. ಕತ್ತರಿ ಆಡಿಸಿಯಾದ ಮೇಲೆ, ನಿನ್ನ ಅಣೆಕಟ್ಟಿನ ನೀರು ಕೆಳಗೆ ಹೋಗುತ್ತದೆ ಎಂದರೆ ಬಳ್ಳಿಗೆ ಏನು ಹೇಳುವುದು? ಬಿಟ್ಟ ನೀರಾದರೂ ಪೂರ್ತಿ ಮುಟ್ಟುತ್ತದೆಯೇ? ಒಣಗಿದ ಮರಳಿನ ಪಾತ್ರದಲ್ಲಿ ಇಂಗಿ, ಆವಿಯಾಗಿ, ದಡದ ಪಂಪುಗಳಿಗೆ ಸಿಕ್ಕಿ, ಪೈಠಣಕ್ಕೆ ಬರುವುದು ಎಷ್ಟೋ. ದಡದ ಪಂಪುಗಳಿಗೆ ಕರೆಂಟು ಕಡಿದು ನಮ್ಮನ್ನೇ ಕಳ್ಳರನ್ನಾಗಿ ಮಾಡುತ್ತೀರಿ. ಅಣೆಕಟ್ಟಿಗೆ ಜಮೀನು ಕಳೆದುಕೊಂಡವರು ನಾವು. ಕೊನೆಗೆ ಆ ನೀರು ನಿಮ್ಮ ವಾಳೂಜಿನ ಬಿಯರ್ ಕಾರ್ಖಾನೆಗೆ.

ನಾಸಿಕ್‌ನವರು ಹೇಳಿ ತೋರಿಸಬೇಕಾದ ಸಂಭಾಜಿನಗರದ ಮಾತು ಹೀಗಿದ್ದೀತು. ಹೊಳೆಯ ನೀರು ಇಷ್ಟು ಬರುತ್ತದೆ ಎಂದು ಲೆಕ್ಕ ಹಾಕಿಯೇ ಜಾಯಕವಾಡಿ ಕಟ್ಟಿದ್ದು. ಕಟ್ಟಿಯಾದ ಮೇಲೂ ಮೇಲೆ ಕಟ್ಟುತ್ತ ಹೋದಿರಿ. ನಮ್ಮ ಅಣೆಕಟ್ಟು ದೊಡ್ಡದು ನಿಜ, ತುಂಬುವುದು ನಿಮ್ಮದೆಲ್ಲ ತುಂಬಿ ಚೆಲ್ಲಿದ ಮೇಲೆ. ನಿಮ್ಮಲ್ಲಿ ಸಹ್ಯಾದ್ರಿಯ ಮಳೆ, ನಮ್ಮದು ಮಳೆಯ ನೆರಳಿನ ನಾಡು. ಹತ್ತು ಲಕ್ಷ ದಾಟಿದ ನಗರದಲ್ಲಿ ನಲ್ಲಿಗೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಡ್ರಮ್ಮು ತುಂಬಿಸಲು ಕೆಲಸಕ್ಕೆ ರಜೆ ಹಾಕುವವರಿದ್ದಾರೆ. ಬಿಯರ್ ಎಂದು ಹಂಗಿಸುತ್ತೀರಿ, 2016ರ ಬೇಸಿಗೆಯಲ್ಲಿ ಹೈಕೋರ್ಟಿನ ಔರಂಗಾಬಾದ್ ಪೀಠವೇ ಆ ಕಾರ್ಖಾನೆಗಳ ನೀರು ಕಡಿತ ಮಾಡಿಸಿತ್ತು. ನಿಮ್ಮ ದ್ರಾಕ್ಷಿಯಲ್ಲಿ ವೈನ್ ಆಗುವುದಿಲ್ಲವೇ? ಹಕ್ಕಿನ ನೀರನ್ನು ಪ್ರತಿ ಸಲವೂ ಆದೇಶ, ಮೇಲ್ಮನವಿ, ರಸ್ತೆತಡೆ ದಾಟಿಯೇ ಪಡೆಯಬೇಕು ಎಂದರೆ ಅದು ಹಕ್ಕು ಹೇಗಾಯಿತು?

ಎರಡೂ ಪ್ಯಾರಾ ಓದಿದಾಗ ಒಂದು ಸಂಗತಿ ಕಾಣುತ್ತದೆ. ಮೇಲಿನವರ ತಕರಾರು ಬಹುಪಾಲು ‘ಯಾವಾಗ’ ಎಂಬುದರ ಬಗ್ಗೆ, ಕೆಳಗಿನವರದು ‘ಎಷ್ಟು, ಖಾತ್ರಿಯೇನು’ ಎಂಬುದರ ಬಗ್ಗೆ. ಕೋರ್ಟಿನಲ್ಲಿ ಎರಡೂ ಸೇರಿ ಬಿಡಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯಾಗಿಬಿಡುತ್ತವೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಳೆ ಇನ್ನೂ ಹಸಿಯಿರುವಾಗಲೇ ಬಿಟ್ಟರೆ ಮರಳು ಕುಡಿಯುವ ನೀರು ಕಡಿಮೆ, ಚಾಟಣಿಗೆ ಮುಂಚೆಯೇ ರೈತನಿಗೆ ತನ್ನ ಪಾಲು ತಿಳಿದಿರುತ್ತದೆ. ಆಗಿನ್ನೂ ಮಳೆಗಾಲ ಮುಗಿದಿರುವುದಿಲ್ಲ, ಎಷ್ಟು ಬಿಡಬೇಕೆಂಬ ಲೆಕ್ಕ ಅಂದಾಜಿನದಾಗುತ್ತದೆ, ಹೆಚ್ಚೂಕಮ್ಮಿಯಾದರೆ ಮುಂದಿನ ವರ್ಷ ಸರಿದೂಗಿಸಬೇಕು. ಮುಂದಿನ ವರ್ಷ ಸರಿದೂಗಿಸುವ ಮಾತನ್ನು ನಂಬುವವರ ನಡುವೆ ಮಾತ್ರ ಆಗುವ ಕೆಲಸ ಅದು. ವಿಶ್ವಾಸ ಇಲ್ಲದ್ದರ ಬೆಲೆಯನ್ನು ಟಿಎಂಸಿಯಲ್ಲೇ ಅಳೆಯಬಹುದು ಎನ್ನುವುದು ಇದಕ್ಕೇ.

ಸಂಭಾಜಿನಗರವೂ ಯಾರಿಗೋ ಮೇಲಿನವರೇ. ಜಾಯಕವಾಡಿಯ ಎಡದಂಡೆ ಕಾಲುವೆ 208 ಕಿಲೋಮೀಟರ್ ಉದ್ದ. ಜಾಲ್ನಾ ದಾಟಿ ಪರಭಣಿಯ ಕಡೆ ಹೋಗುವ ಆ ಕಾಲುವೆಯ ಕೊನೆಯಲ್ಲಿ ಕೂತವನು ಪೈಠಣದವರ ಬಗ್ಗೆ ಹೇಳುವ ಮಾತು, ಪೈಠಣದವರು ನಾಸಿಕ್ ಬಗ್ಗೆ ಹೇಳುವ ಮಾತಿಗಿಂತ ಬೇರೆಯಾಗಿರಲಾರದು. ಇನ್ನೂ ಕೆಳಗೆ ನಾಂದೇಡ್ ಜಿಲ್ಲೆಯ ಬಾಭಳಿ ಬ್ಯಾರೇಜ್. ಅದರಿಂದ ತಮ್ಮ ಶ್ರೀರಾಮಸಾಗರಕ್ಕೆ ನೀರು ಬರುವುದಿಲ್ಲವೆಂದು ಆಗಿನ ಆಂಧ್ರಪ್ರದೇಶ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ತೀರ್ಪಿನಂತೆ ಮಳೆಗಾಲವಿಡೀ ಬಾಭಳಿಯ ಗೇಟು ತೆರೆದಿಡಬೇಕು. ಸಂಭಾಜಿನಗರ, ನಾಂದೇಡ್‌ಗಳಿರುವ ಮರಾಠವಾಡದವರು ಅಲ್ಲಿ ಹೂಡಿದ ವಾದ, ಇಲ್ಲಿ ನಾಸಿಕ್‌ನವರು ಹೂಡುವ ವಾದದ ಅಣ್ಣತಮ್ಮ. ಹೊಳೆಯ ಉದ್ದಕ್ಕೂ ಪ್ರತಿಯೊಬ್ಬನಿಗೂ ತನ್ನ ಮೇಲಿನವನ ಅನ್ಯಾಯ ಬಾಯಿಪಾಠ.

ಪೈಠಣ ಸಂತ ಏಕನಾಥರ ಊರು. ಕಾಶಿಯಿಂದ ರಾಮೇಶ್ವರಕ್ಕೆ ಹೊತ್ತು ತರುತ್ತಿದ್ದ ಗಂಗಾಜಲವನ್ನು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಗೆ ಕುಡಿಸಿದರೆಂಬ ಕಥೆ ಅವರದು. ನೀರಿನ ಸಭೆಗಳಲ್ಲಿ ಇಂಥ ಕಥೆಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಕೆಳಗಿನವನು ಕರುಣೆ ಕೇಳುತ್ತಿಲ್ಲ. ಕರುಣೆ ಉಕ್ಕಿದ ವರ್ಷ ನೀರು, ಉಕ್ಕದ ವರ್ಷ ಇಲ್ಲ ಎಂದಾದರೆ ಅವನು ಬಳ್ಳಿ ನೆಡುವುದು ಹೇಗೆ? ವಾಘಾಡ್‌ನಲ್ಲಿ ಕೊನೆಯವನಿಗೆ ಸಿಕ್ಕಿದ್ದು ಅಳೆದ ಪಾಲು ಮತ್ತು ಸರದಿಯಲ್ಲಿ ಮೊದಲ ಜಾಗ.

ನಮ್ಮ ಕಾವೇರಿಯಲ್ಲಿ ಒಮ್ಮೆ ಹೀಗೆ ಕೂರುವ ಪ್ರಯತ್ನ ನಡೆದಿತ್ತು. 2002ರ ನೀರಿನ ಜಗಳದ ಬಿಸಿ ಇನ್ನೂ ಆರದಿದ್ದಾಗ, 2003ರಲ್ಲಿ, ಎರಡೂ ರಾಜ್ಯಗಳ ರೈತರು ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ಕೂತರು, ಆಮೇಲೆ ಬೆಂಗಳೂರಿನಲ್ಲಿ. ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅದರ ಹಿಂದಿದ್ದರು. ನಮ್ಮ ಕಡೆಯಿಂದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ, ಅವರ ಕಡೆಯಿಂದ ಮನ್ನಾರ್‌ಗುಡಿಯ ರಂಗನಾಥನ್. ‘ಕಾವೇರಿ ಕುಟುಂಬ’ ಎಂದು ಹೆಸರಿಟ್ಟುಕೊಂಡರು, ಪರಸ್ಪರರ ಹೊಲಗಳನ್ನು ನೋಡಿ ಬಂದರು. ಮಂಡ್ಯದವರು ಮುಖಜಭೂಮಿಯ ಕೊನೆಯಂಚಿನ ಗದ್ದೆ ಕಂಡರು, ತಂಜಾವೂರಿನವರು ನಮ್ಮ ಒಣ ನಾಲೆ ಕಂಡರು. ಒಪ್ಪಂದ ಮಾಡುವ ಅಧಿಕಾರ ಅವರಿಗಿರಲಿಲ್ಲ, ತೀರ್ಪು ಬಂದದ್ದು ನ್ಯಾಯಮಂಡಳಿಯಿಂದ, ಸುಪ್ರೀಂ ಕೋರ್ಟಿನಿಂದ. ಅವರು ಕೂತದ್ದು ವ್ಯರ್ಥವಾಯಿತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ಕಡೆಯ ರೈತನ ಕಷ್ಟವನ್ನು ಈ ಕಡೆಯ ವೇದಿಕೆಯಲ್ಲಿ ಹೇಳುವ ಧೈರ್ಯ ಆ ಕೂಟದಲ್ಲಿ ಮೊದಲ ಬಾರಿ ಕಂಡಿತು.

ಅಧಿಕಾರವೂ ಜತೆಗಿದ್ದರೆ ಏನಾಗಬಹುದು ಎಂಬುದಕ್ಕೆ ಸ್ಪೇನ್‌ನ ವೆಲೆನ್ಸಿಯಾ ಇದೆ. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಎದುರು ನೀರಿನ ನ್ಯಾಯಾಲಯ ಕೂರುತ್ತದೆ. ನ್ಯಾಯಾಧೀಶರು ರೈತರೇ, ಒಂದೊಂದು ಕಾಲುವೆಯಿಂದ ಆರಿಸಿ ಬಂದವರು. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ. ಎಡದಂಡೆಯ ವ್ಯಾಜ್ಯಕ್ಕೆ ಬಲದಂಡೆಯವರ ತೀರ್ಮಾನ, ಬಲದಂಡೆಯದಕ್ಕೆ ಎಡದಂಡೆಯವರದು. ಯುನೆಸ್ಕೊ 2009ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಏರ್ಪಾಡುಗಳನ್ನೇ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿದ್ದೂ ಅದೇ ವರ್ಷ.

ಮಹಾರಾಷ್ಟ್ರದ 2005ರ ರೈತ ನೀರಾವರಿ ಕಾಯ್ದೆಯಲ್ಲಿ ಸಂಘಗಳಿಗೆ ನಾಲ್ಕು ಮೆಟ್ಟಿಲು. ಉಪನಾಲೆ, ವಿತರಣಾ ನಾಲೆ, ಕಾಲುವೆ, ಯೋಜನೆ. ವಾಘಾಡ್‌ನವರು ನಾಲ್ಕನೆಯದನ್ನೂ ಹತ್ತಿದರು. ಅಲ್ಲಿಂದ ಮೇಲೆ ಹೊಳೆಯಿದೆ, ಹೊಳೆಗೆ ನಿಗಮವಿದೆ, ಪ್ರಾಧಿಕಾರವಿದೆ, ಹೈಕೋರ್ಟಿದೆ. ನಾಸಿಕ್‌ನ ರೈತ ಸಂಘವೂ ಪೈಠಣದ ರೈತ ಸಂಘವೂ ಅಕ್ಕಪಕ್ಕ ಕೂರುವ ಐದನೆಯ ಮೆಟ್ಟಿಲನ್ನು ಕಾಯ್ದೆ ಕಟ್ಟಿಲ್ಲ. ಅದನ್ನು ಕಟ್ಟಲು ಕೋಟಿಗಟ್ಟಲೆ ಬೇಕಿಲ್ಲ. ಆಗಸ್ಟ್ ಕೊನೆಗೆ ನಾಂದೂರ್ ಮಧ್ಯಮೇಶ್ವರದಲ್ಲಿ, ಗೋದಾವರಿ ನಾಸಿಕ್ ಜಿಲ್ಲೆ ಬಿಡುವ ಮುನ್ನ ಸಿಗುವ ಒಡ್ಡಿನ ಬಳಿ, ಒಂದು ಸಭೆ ಸಾಕು ಶುರುವಿಗೆ. ಎಲ್ಲ ಅಣೆಕಟ್ಟುಗಳ ಅಳತೆ ಪಟ್ಟಿಯ ಅಂಕಿಗಳನ್ನು ಎರಡೂ ಕಡೆಯವರು ಒಟ್ಟಿಗೆ ಓದಿ ಸಹಿ ಹಾಕಲಿ. ಮಾತಿನ ಸರದಿಯನ್ನು ವಾಘಾಡ್‌ನವರು ನೀರಿನ ಸರದಿ ಇಟ್ಟಂತೆ ಇಡಲಿ: ಮೊದಲು ಪರಭಣಿ, ಆಮೇಲೆ ಪೈಠಣ, ಕೊನೆಗೆ ನಾಸಿಕ್.